ತುಟಿಗಿಟ್ಟ ಕುಂಚ

ನಾ ದೇವರ ಕಣ್ಣು ಬರಿಯಾಕಿ. ಹಾನಗಲ್ಲಿನ ಚಿತ್ರಗಾರ ಓಣ್ಯಾಗ ಹುಟ್ಟಿ, ಅಲ್ಲೇ ಬೆಳದು, ಅಲ್ಲೇ ಮದುವಿ ಆದಾಕಿ. ಬಿದ್ದ ಬಲಗೈ ಈಗ ಮುಕ್ಕಾಲು ಪಾಲು ತಿರುಗಿ ಬಂದೈತಿ. ಅನ್ನ ಕಲಸತೇನಿ, ಜಡಿ ಹೆಣಕೋತೇನಿ, ದಪ್ಪನ ಗೆರಿ ಎಳಿತೇನಿ. ಹಂಗಾಗಿ ಕುಂತು ಇದನ್ನ ಬರಿಯಾಕತ್ತೇನಿ. ನಮ್ಮಂಗ ಕುಂಚ ಬಾಯಾಗಿಟ್ಟು ಚೂಪು ಮಾಡೋ ಮಂದಿ ಇನ್ನೂ ಎಷ್ಟು ಅದಾರೋ ನಂಗ ಗೊತ್ತಿಲ್ಲ. ಅವರು ಓದಲಿ, ಓದಾಕ ಬರದಿದ್ರ ಯಾರರೆ ಓದಿ ಹೇಳಲಿ. ಒಂದು ಮಾತು ಮೊದಲ ಹೇಳಿಬಿಡ್ತೇನಿ: ಇದರಾಗ ನಾ ಭಾಳ ಒಳ್ಳೆಯಾಕಿ ಅಲ್ಲ. ನನ್ನ ಕೈಯಿಂದ ಸುರು ಆದದ್ದು ನನ್ನ ಮಗಳ ರಕ್ತಕ್ಕ ಹೋಗಿ ಮುಟ್ಟಿತು, ಅದನ್ನ ನಾ ತಡಿಬಹುದಿತ್ತು.

ಕೈ ಬಿದ್ದದ್ದು ಹಂಸಭಾವಿ ಹತ್ತಿರದ ಒಂದು ಹಳ್ಯಾಗ. ಅಲ್ಲಿಯ ದ್ಯಾಮವ್ವನ ಕಟ್ಟಿಗಿ ಮೂರ್ತಿ ಬಣ್ಣ ಮಾಸಿತ್ತು, ಹೊಸದಾಗಿ ಹಚ್ಚಾಕ ನಮ್ಮನ್ನ ಕರೆಸಿದ್ರು. ಹದಿನೈದು ದಿನಾ ಮೈಬಣ್ಣ, ಸೀರಿ, ಬಳಿ, ಸರ ಎಲ್ಲಾ ಮುಗದ ಮ್ಯಾಲ ಕಡೀಕ ಉಳಿಯೂದು ಕಣ್ಣು. ಕಣ್ಣು ಬರಿಯೋ ಮುಂಜಾನಿ ಮೂರ್ತಿ ಮುಂದ ಪರದೆ ಕಟ್ಟತಾರ. ಒಳಗ ಬರಿಯಾಕಿ ಒಬ್ಬಾಕಿನ. ಹಿಂದಿನ ದಿನದಿಂದ ಉಪವಾಸ, ಹೊಟ್ಟ್ಯಾಗ ಒಂದು ಅಗಳು ಇರಬಾರದು. ಹೊರಗ ಊರ ಹಿರೇರು, ಹೆಣ್ಮಕ್ಕಳು ಕಾಯ್ಕೋತ ಕುಂತಿರತಾರ.

ಆ ಪರದೆ ಊರಿಗೆ ಮಡಿ, ನಮಗ ಗುಟ್ಟು. ಕಣ್ಣಿನ ಅಂಚಿನ ಗೆರಿ ಕೂದಲೆಳಿಯಷ್ಟು ಸಣ್ಣ ಬರಬೇಕಂದ್ರ ಕುಂಚದ ತುದಿ ತುಟಿಯಾಗ ಹಿಡದು ನಾಲಿಗಿಲೆ ಚೂಪು ಮಾಡಬೇಕು. ಗೋಂದಿನ ನೀರಾಗ ಕಲಸಿದ ಬಿಳಿ ಸಫೇದ, ಕೆಂಪು ಸಿಂಧೂರ, ಆಮ್ಯಾಲ ಕಾಡಿಗಿ. ಒಂದೊಂದು ಗೆರಿಗೂ ಕುಂಚ ಬಾಯಿಗೆ ಹೋಗಿ ಬರತೈತಿ. ದೇವಿ ಕಣ್ಣಿಗೆ ಎಂಜಲ ಕುಂಚ ಅಂತ ಗೊತ್ತಾದ್ರ ಯಾವ ಊರಾಗ ನಮ್ಮನ್ನ ಗುಡಿ ಹೊಸ್ತಲ ದಾಟಿಸ್ಯಾರು? ಹಂಗಾಗಿ ನಮ್ಮ ಮನ್ಯಾಗ ಕುಂಚ ಹಿಡಿಸೂದಕಿಂತ ಮೊದಲ ಆಣಿ ಮಾಡಸ್ತಾರ, ಪರದೆ ಒಳಗಿಂದು ಹೊರಗ ಹೇಳಬಾರದು ಅಂತ. ಅಪ್ಪಗ ಗಂಡುಮಕ್ಕಳಿದ್ದಿಲ್ಲ, ನಾ ಅವನ ಕೈ ಮುಟ್ಟಿ ಆಣಿ ಮಾಡಿದೆ. ನನ್ನ ಒಬ್ಬಾಕಿ ಮಗಳು ಪೂರ್ಣಿಮಾ ನನ್ನ ಕೈ ಮುಟ್ಟಿ ಮಾಡಿದ್ಲು. ಈಗ ನಾ ಇಲ್ಲಿ ಬರದು ಆಣಿ ಮುರದೇನಿ. ಹಿರೇರು ಬೈಯೂದಾದ್ರ ಬೈಲಿ, ನಾ ಕೇಳಸಕೋತೇನಿ.

ಅವತ್ತ ಎಡಗಣ್ಣು ಮುಗಿಸಿದೆ. ಬಲಗಣ್ಣಿಗೆ ಕೈ ಎತ್ತಿದೆ, ಮುಂಗೈ ಏಳಲಿಲ್ಲ. ತೋಳು ಎದ್ದೈತಿ, ಮಣಿಕಟ್ಟಿನಿಂದ ಮುಂದ ಕೈ ಬಾಡಿದ ಎಲಿಯಂಗ ಜೋತು ಬಿದ್ದೈತಿ. ಎಡಗೈಲೆ ಎತ್ತಿ ಹಿಡದೆ, ಬಿಟ್ಟ ಕೂಡಲೆ ಮತ್ತ ಬಿತ್ತು. ನೋವಿಲ್ಲ, ಏನಿಲ್ಲ. ನೋವರೆ ಇದ್ದಿದ್ರ ಇಷ್ಟು ಅಂಜತಿದ್ದಿಲ್ಲ. ಹೊರಗಿನಿಂದ ಒಬ್ಬ ಹಿರೇರು, "ಆತೇನವಾ ಕಸ್ತೂರವ್ವ? ಹೊತ್ತು ಮೀರಾಕತ್ತೈತಿ" ಅಂದ್ರು. ಒಕ್ಕಣ್ಣಿನ ದೇವಿ ಮುಂದ ನಾ ಬೆವತು ನಿಂತೇನಿ.

"ಬಣ್ಣ ಕಡಿಮಿ ಬಿದ್ದೈತ್ರಿ, ನಮ್ಮ ಹುಡುಗಿ ಒಳಗ ಬರಲಿ" ಅಂದೆ.

ಪೂರ್ಣಿಮಾ ಒಳಗ ಬಂದು ನನ್ನ ಕೈ ನೋಡಿ ಬಿಳಚಿಕೊಂಡ್ಲು. ಇಪ್ಪತ್ತು ವರ್ಷದ ಹುಡುಗಿ. "ಅವ್ವಾ, ನಿನ್ನ ಕೈ..."

"ಕೈ ಆಮ್ಯಾಲ. ನೀ ಬರಿ."

ಅಕಿ ಕುಂಚ ತುಟಿಗಿಟ್ಟು, ಉಸಿರು ಹಿಡದು, ಬಲಗಣ್ಣು ಬರದ್ಲು. ನನಗಿಂತ ಚೊಲೋ ಬರದ್ಲು. ನಾ ಬಾಯಿಗೆ ಸೆರಗು ಒತ್ತಿಕೊಂಡು ಅತ್ತೆ. ಹೊರಗಿನವರು ನಂದು ಭಕ್ತಿ ಅಂದುಕೊಂಡ್ರು. ಖರೇ ಹೇಳ್ತೇನಿ, ಕೈ ಹೋದ ಸಂಕಟಕಿಂತ ಮಗಳ ಗೆರಿ ನೋಡಿದ ಹಿಗ್ಗು ದೊಡ್ಡದಿತ್ತು.

ಕೈಗಿಂತ ಎರಡು ವರ್ಷ ಮೊದಲಿನಿಂದ ಹೊಟ್ಟಿ ಕಾಡತಿತ್ತು. ಹೊಕ್ಕಳ ಸುತ್ತ ಹಿಡಕೊಂಡು ಹಿಂಡಿದಂಗ. ಬಾಯಾಗ ಹಗಲೆಲ್ಲಾ ನಾಣ್ಯ ಚೀಪಿದಂತ ರುಚಿ. ಹಾನಗಲ್ಲಿನ ಡಾಕ್ಟರ್ ಗ್ಯಾಸ್ ಅಂದ್ರು. ಹಾವೇರ್ಯಾಗ ಗಂಟಲದಾಗ ನಳಗಿ ಇಳಿಸಿ ನೋಡಿ, ಹುಣ್ಣು ಏನೂ ಇಲ್ಲ, ಟೆನ್ಶನ್ ಕಡಿಮಿ ಮಾಡ್ರಿ ಅಂದ್ರು. ಟೆನ್ಶನ್ ಏನು ನನ್ನ ಕೇಳಿ ಬರತೈತೇನು? ಮನ್ಯಾಗ ಯಾರೂ ಗಾಬರಿ ಆಗಲಿಲ್ಲ, ಯಾಕಂದ್ರ ಈ ನೋವು ನಮ್ಮ ಮನಿತನದ್ದ. ಅಪ್ಪಗೂ ಇತ್ತು. ಗಣಪ್ಪನ ಕೆಲಸ ಸುರು ಆತಂದ್ರ ಅಪ್ಪ ಮೊಣಕಾಲು ಹೊಟ್ಟಿಗೆ ಒತ್ತಿಕೊಂಡು ಕುಂತು ಕಣ್ಣು ಬರಿತಿದ್ದ. "ಹೊಟ್ಟಿ ನೋಯಲಾರದವಗ ಕಣ್ಣು ಬರೂದಿಲ್ಲ ಮಗಳ" ಅಂತಿದ್ದ. ಅವ ಬರದ ಕಣ್ಣಾಗ ಒಂದು ನಮೂನಿ ಸಂಕಟ ಇರತಿತ್ತು, ಮಂದಿ ಅದನ್ನ ನೋಡಿ ತಾವಾಗೇ ಕೈ ಮುಗಿತಿದ್ರು. ಕಡಿ ಕಡೀಕ ಅವನ ಮುಂಗೈನೂ ಸೋತಿತ್ತು. ವಯಸ್ಸಾತು ಅಂತ ಬಿಟ್ವಿ.

ಕೈ ಬೀಳೂ ಹಿಂದಿನ ವರ್ಷ ಗೊಟಗೋಡಿ ಕಡೆಯಿಂದ ಜಾನಪದ ಬರಕೊಳ್ಳೋ ಮಾಸ್ತರೊಬ್ಬರು ಮನಿಗೆ ಬಂದಿದ್ರು. "ನೀವು ಬರದ ಕಣ್ಣಿಗೆ ಈ ಜೀವ ಎಲ್ಲಿಂದ ಬರತೈತ್ರಿ ಅಕ್ಕಾರ?" ಅಂತ ಕೇಳಿದ್ರು. ನಾ ಅಪ್ಪನ ಮಾತು ಹೇಳಿ, ನನ್ನ ಹೊಟ್ಟಿ ಮುಟ್ಟಿ ತೋರಿಸಿದೆ. ಅವರ ಕಣ್ಣಾಗ ನೀರು ಬಂತು. ಬಾಳಿನ ನೋವ ಕಲಾ ಆಗಿ ಹೊರಗ ಬರತೈತಿ ಅಂತ ವಹ್ಯಾಗ ಬರಕೊಂಡ್ರು. ಇಡೀ ಓಣಿಗೆ ನಾ ಒಬ್ಬಾಕಿನ ದೊಡ್ಡಾಕಿ ಅನ್ನೂವಂಗ ಆತು ನಂಗ. ಪೂರ್ಣಿಮಾ ಬಾಜೂಕ ಚಾದ ಕಪ್ಪು ಹಿಡಕೊಂಡು ನಿಂತು ಎಲ್ಲಾ ಕೇಳಸಕೊಂಡ್ಲು.

ದ್ಯಾಮವ್ವನ ಮುಂದ ಕೈ ಬಿದ್ದ ಸುದ್ದಿ ನಾವು ಹಾನಗಲ್ಲ ಮುಟ್ಟೂದಕಿಂತ ಮೊದಲ ಓಣಿ ಮುಟ್ಟಿತ್ತು. ಒಬ್ಬಾಕಿ ಲಕ್ವಾ ಅಂದ್ಲು. ಒಬ್ಬಾಕಿ ಎಣ್ಣಿ ತಿಕ್ಕು ಅಂದ್ಲು. ಮತ್ತೊಬ್ಬಾಕಿ ಬಾಗಲದಾಗ ನಿಂತು, "ದೇವಿ ಸುಮ್ಮಸುಮ್ಮನ ಹಿಂಗ ಮಾಡೂದಿಲ್ಲವಾ, ಏನೋ ಮೈಲಿಗಿ ಆಗೈತಿ ನೋಡು" ಅಂತ ಹೇಳಿ ಹೋದ್ಲು. ಆ ಮಾತು ಎದಿಗೆ ನಟ್ಟಿತು. ಎಂಜಲ ಆಗೈತಿ ಅಂತ ನಂಗ ಗೊತ್ತಲ್ಲ. ಇಷ್ಟು ವರ್ಷ ಸುಮ್ಮನಿದ್ದ ತಾಯಿ ಈಗ ಲೆಕ್ಕ ಕೇಳಾಕತ್ತಾಳ ಅಂತ ಅನಸಿತು. ಹಂಗ ಅನಸಿದ ಮ್ಯಾಲ ಬಾಯಿ ಇನ್ನಷ್ಟು ಬಿಗಿದೆ.

ನಮ್ಮ ಮನಿಯವರು ಫಕೀರಪ್ಪ ಅಂತ. ಮನಿಅಳಿಯ ಆಗಿ ಬಂದವರು, ಮಣ್ಣಿನ ಕೆಲಸ ಅವರದು, ಕುಂಚ ಮುಟ್ಟೂದಿಲ್ಲ. ಮಾತು ಕಡಿಮಿ. ಒಂದು ತಿಂಗಳು ಎಣ್ಣಿ ತಿಕ್ಕಿ ತಿಕ್ಕಿ ಕಡೀಕ, "ನಡಿ ಹುಬ್ಬಳ್ಳಿಗೆ, ಇನ್ನ ಯಾರ ಮಾತೂ ಕೇಳೂದಿಲ್ಲ" ಅಂದ್ರು. ಆಗ ಗಣಪ್ಪನ ಹಂಗಾಮು ಸುರು ಆಗಿತ್ತು. ಮಣ್ಣಿನ ಗಣಪ್ಪಗಳು ಒಣಗಿ ಬಣ್ಣಕ್ಕ ಕಾದಿದ್ದುವು. ಮೈಬಣ್ಣಕ್ಕ ಓಣಿ ಹೆಣ್ಮಕ್ಕಳು ಬರತಿದ್ರು, ಕಣ್ಣಿಗೆ ಪೂರ್ಣಿಮಾ ಒಬ್ಬಾಕಿನ. ಅಪ್ಪನ ತಂಗಿ, ನನ್ನ ಮುದುಕಿ ಸೋದರತ್ತಿನ್ನ ಅಕಿ ಜೋಡಿ ಬಿಟ್ಟು ನಾವಿಬ್ಬರು ಬಸ್ಸು ಹತ್ತಿದ್ವಿ.

ದೊಡ್ಡ ದವಾಖಾನಿ ಅಂದ್ರ ಕಾಯೂದ ಒಂದು ದೊಡ್ಡ ಬ್ಯಾನಿ. ಚೀಟಿಗೆ ಕಾಯೂದು, ರಕ್ತ ಕೊಡಾಕ ಕಾಯೂದು, ಹೆಸರು ಕೂಗೂದಕ್ಕ ಕಾಯೂದು. ನನ್ನ ಬಾಜೂಕ ಸವಣೂರಿನ ನೂರಜಹಾನ್ ಬಿ ಕುಂತಿದ್ಲು. ಗಂಡನ ಕಿಡ್ನಿ ಸಂಬಂಧ ವಾರಕ್ಕೆರಡು ಸಲ ಬರಾಕಿ, ಯಾವ ಬಾಗಲದಾಗ ಎಷ್ಟು ಹೊತ್ತು ನಿಲ್ಲಬೇಕು ಅನ್ನೂದು ಅಕಿಗೆ ಬಾಯಿಪಾಠ. ನನ್ನ ಜೋತುಬಿದ್ದ ಕೈ ನೋಡಿ, "ಎರಡು ಕೈ ಕೊಟ್ಟಾನ ಅಲ್ಲಾ. ಒಂದು ರಜಾ ತಗೊಂಡೈತಿ, ತಗೊಳ್ಳಲಿ ಬಿಡ್ರಿ ಅಕ್ಕಾರ" ಅಂದ್ಲು. ತಿಂಗಳದಾಗ ಮೊದಲ ಸಲ ನಕ್ಕೆ. ನನ್ನ ತಲಿ ನಾಕು ದಿನದಿಂದ ಬಾಚಿದ್ದಿಲ್ಲ, ಮನಿಯವರಿಗೆ ಬರೂದಿಲ್ಲ. ಅಕಿ ಕೇಳಲೂ ಇಲ್ಲ, ಚೀಲದಾಗಿನ ಹಣಗಿ ತಗದು, ನನ್ನ ತಿರುಗಿಸಿ ಕುಂದರಿಸಿ, ಬಿಗಿಯಾಗಿ ಜಡಿ ಹಾಕಿದ್ಲು. ಯಾರೋ ತಲಿ ಮುಟ್ಟಿದ್ರ ಇಷ್ಟು ಧೈರ್ಯ ಬರತೈತಿ ಅಂತ ನಂಗ ಗೊತ್ತಿದ್ದಿಲ್ಲ.

ಒಳಗ ಲೇಡಿ ಡಾಕ್ಟರ್. ಸಣ್ಣ ವಯಸ್ಸು, ಅವಸರ ಇಲ್ಲದ ಮನಿಷಾಳು. ನನ್ನ ತುಟಿ ಸರಿಸಿ ಒಸಡು ನೋಡಿದ್ರು. ಒಸಡಿನ ಅಂಚಿಗುಂಟ ನೀಲಿ ಗೆರಿ ಇತ್ತು, ಎಲಿ ಅಡಕಿ ಕಲಿ ಅಂತ ನಾವು ಸುಮ್ಮನಿದ್ವಿ. "ಏನು ಕೆಲಸ ಮಾಡ್ತೀರಿ?" ಅಂತ ಕೇಳಿದ್ರು.

"ದೇವರಿಗೆ ಬಣ್ಣ ಹಚ್ಚತೇವ್ರಿ."

"ಬಣ್ಣ ಬಾಯಿಗೆ ಹೋಗತೈತೇನು?"

"ಇಲ್ರಿ."

ಮನಿಯವರು ಗ್ವಾಡಿ ಕಡೆ ನೋಡಿದ್ರು. ಡಾಕ್ಟರ್ ಒಂದು ಹಾಳಿ, ಪೆನ್ನು ಕೊಟ್ಟು, "ಎಡಗೈಲೆ ನಿಮ್ಮ ಹೆಸರು ಬರೀರಿ ನೋಡೋಣ" ಅಂದ್ರು. ನಾ ಪೆನ್ನು ತಗೊಂಡೆ, ತುದಿ ತುಟಿಗಿಟ್ಟು ಒಂದು ಸಲ ಹಸಿ ಮಾಡಿ, ಹಾಳಿ ಮ್ಯಾಲ ಇಟ್ಟೆ. ತಲಿ ಎತ್ತಿದಾಗ ಅವರು ನನ್ನ ಬಾಯಿನ್ನ ನೋಡಾಕತ್ತಿದ್ರು. ನಲವತ್ತು ವರ್ಷದ ರೂಢಿ, ನಾ ಬ್ಯಾಡಂದ್ರ ಕೇಳತೈತೇನು? ನಾಚಿಕಿಲೆ ನನ್ನ ಕಿವಿ ಸುಟ್ಟುವು. ಆಮ್ಯಾಲ ಎಲ್ಲಾ ಹೇಳಿದೆ, ಪರದೆ, ಉಪವಾಸ, ಸಫೇದ, ಸಿಂಧೂರ. ಅವರು ಎಂಜಲ ಅಂತ ಮಾರಿ ಕಿವುಚಲಿಲ್ಲ. "ಖಾಲಿ ಹೊಟ್ಟ್ಯಾಗ ಇನ್ನೂ ಬೇಗ ಮೈಯಾಗ ಇಳಿತೈತಿ" ಅಂತಷ್ಟ ಅಂದ್ರು.

ರಕ್ತ ದೂರದ ಲ್ಯಾಬಿಗೆ ಹೋಗಿ ವರದಿ ಬರೋತನಕ ಒಂದು ವಾರ ಹುಬ್ಬಳ್ಳ್ಯಾಗ ಉಳಕೊಂಡ್ವಿ. ಆ ವಾರ ನಾ ದ್ಯಾಮವ್ವಗ ಎಷ್ಟು ಹರಕಿ ಹೊತ್ತೆ ಅಂದ್ರ, ಎಲ್ಲಾ ತೀರಿಸಾಕ ಇನ್ನೊಂದು ಜನ್ಮ ಬೇಕು. ವರದಿ ಬಂತು. ರಕ್ತದಾಗ ಸೀಸ. ಕೈ ಬಿದ್ದದ್ದು, ಹೊಟ್ಟಿ ಹಿಂಡಿದ್ದು, ಎಲ್ಲಾ ಅದ. ಬಣ್ಣದಾಗಿನ ಸೀಸ ವರ್ಷಾನುಗಟ್ಟಲೆ ಬಾಯಿಂದ ಹೋಗಿ ಮೈ ತುಂಬೈತಿ. ಮೊದಲ ಸಮಾಧಾನ ಆತು, ದೇವಿ ಸಿಟ್ಟಲ್ಲ ಅಂತ. ಹಿಂದಗಡೆ ಅಪ್ಪನ ನೆನಪಾತು. ಅಪ್ಪ ಹೇಳಿದ್ದು ತಿರುಗಾಮುರುಗಾ ಇತ್ತು. ಹೊಟ್ಟಿನೋವಿನಿಂದ ಕಣ್ಣು ಬಂದಿದ್ದಿಲ್ಲ, ಕಣ್ಣು ಬರದು ಬರದು ಹೊಟ್ಟಿನೋವು ಬಂದಿತ್ತು. ಮಾಸ್ತರು ಅತ್ತದ್ದು, ನಾ ಹಿಗ್ಗಿದ್ದು, ಎಲ್ಲಾ ವಿಷದ ಮ್ಯಾಲ. ಅಪ್ಪನ ಸಲುವಾಗಿ ಆ ದಿನಾ ಭಾಳ ಅತ್ತೆ.

"ಅಡ್ಮಿಟ್ ಆಗಬೇಕು. ಹತ್ತು ಹದಿನೈದು ದಿನಾ. ನರ ನಿಧಾನಕ ಚೇತರಿಸಕೊಳ್ತಾವ, ಕೈ ಬರಬಹುದು" ಅಂದ್ರು ಡಾಕ್ಟರ್. ಹಂಗ ಬರಕೋತ ಬರಕೋತ ಕೇಳಿದ್ರು, "ಮನ್ಯಾಗ ಮತ್ತ ಯಾರರೆ ಹಿಂಗ ಕುಂಚ ಬಾಯಾಗ ಇಡತಾರೇನು?"

"ಇಲ್ರಿ. ನಾ ಒಬ್ಬಾಕಿನ" ಅಂದೆ.

ಯಾಕ ಅಂದೆ? ಹೊರಗ ಬಂದ ಕೂಡಲೆ ಮನಿಯವರು ಅದನ್ನ ಕೇಳಿದ್ರು. ಇಪ್ಪತ್ತೆರಡು ವರ್ಷದ ಸಂಸಾರದಾಗ ಅವರ ದನಿ ಅಷ್ಟು ಗಡಸು ನಾ ಕೇಳಿದ್ದಿಲ್ಲ. "ಪೂರ್ಣಿ ಇಡೂದಿಲ್ಲೇನು ಹಂಗಾರ? ಯಾಕ ಸುಳ್ಳ ಹೇಳಿದಿ?"

ಶಿಗ್ಗಾಂವಿಯ ಒಂದು ಮನಿ ಜೋಡಿ ಅಕಿ ಮದುವಿ ಮಾತು ನಡದಿತ್ತು. "ಹುಡುಗಿ ರಕ್ತದಾಗ ವಿಷ ಐತಿ ಅಂತ ಒಂದು ಸಲ ಬಾಯಿಂದ ಬಾಯಿಗೆ ಹೋದ್ರ ಮುಗೀತ್ರಿ. ನಾಳೆ ಮಕ್ಕಳಿಗೂ ಬರತೈತೇನೋ ಅಂತಾರ. ಮನಿಗೆ ಹೋಗಿ ಎದುರಿಗೆ ಕುಂದರಿಸಿ ನಾನ ಹೇಳ್ತೇನಿ" ಅಂದೆ. ಅವರು "ನಿಮ್ಮ ಮನಿತನದ ಆಣಿ. ನೀನ ಹೇಳು, ಆದ್ರ ಲಗೂ ಹೇಳು" ಅಂದ್ರು. ದಿನಾ ಕೇಳತಿದ್ರು, ಹೇಳಿದೇನು ಅಂತ. ದಿನಾ ನಾ ನಾಳೆ ಅಂತಿದ್ದೆ.

ಶಿಗ್ಗಾಂವಿ ಸಂಬಂಧ ಒಂದು ನೆವ. ಇಲ್ಲಿ ಖರೇ ಹೇಳಬೇಕು, ಇಲ್ಲಾಂದ್ರ ಬರದು ಉಪಯೋಗ ಇಲ್ಲ. ಬಾಯಾಗ ಇಡಬ್ಯಾಡ ಅಂದ್ರ ಪೂರ್ಣಿಮಾನ ಗೆರಿ ಕೆಡತೈತಿ ಅಂತ ಅಂಜಿದ್ದೆ. ನಂಗ ಕುಂಚ ಬಾಯಿಗೆ ಇಡಲಾರದ ಗೆರಿ ಎಳಿಯೂದು ಗೊತ್ತಿಲ್ಲ, ಅಕಿಗೆ ಹೆಂಗ ಕಲಿಸಲಿ? ನನ್ನ ಕೈ ಹೋಗೈತಿ, ಇನ್ನ ಆ ಕಣ್ಣು ಉಳಿಯೂದು ಅಕಿ ಕೈಯಾಗ ಒಂದ. ಈ ಹಂಗಾಮು ಒಂದು ಮುಗೀಲಿ, ಅಪ್ಪನ ಕಣ್ಣು ಒಂದು ವರ್ಷ ಉಳೀಲಿ ಅಂತ ಒಳಗೊಳಗ ಆಸಿ ಪಟ್ಟೆ. ಹೆತ್ತಾಕಿ ಹಂಗ ಆಸಿ ಪಡತಾಳೇನು ಅಂತ ನೀವು ಕೇಳಬಹುದು. ನಾ ಪಟ್ಟೆ.

ದವಾಖಾನ್ಯಾಗ ಸಲಾಯಿನ್ ಒಳಗ ಔಷಧ ಬಿಡತಿದ್ರು. ಕೊಳತ ತತ್ತಿ ನಾತದ ಗುಳಿಗಿ ಕೊಡತಿದ್ರು. ಮುಂಗೈಗೆ ಗಟ್ಟಿ ಪಟ್ಟಿ ಕಟ್ಟಿ, ದಿನಾ ಮುಂಜಾನಿ ಬೆರಳು ಒಂದೊಂದ ಎತ್ತು ಅಂತಿದ್ರು. ಏಳನೇ ದಿನಾ ನಡುಬೆರಳು ಸ್ವಲ್ಪ ಮಿಸುಕಿತು. ವಾರ್ಡಿನ ಮಂದಿಯೆಲ್ಲಾ ಕೂಡಿ ನೋಡಿದ್ರು. ನೂರಜಹಾನ್ ಬಿ ಗಂಡನ ಡಯಾಲಿಸಿಸ್ ಪಾಳಿ ಮುಗಿಸಿ ಬಂದಾಕಿ, "ರಜಾ ಮುಗೀತು, ಡ್ಯೂಟಿಗೆ ಬಂತು" ಅಂತ ಎಲ್ಲರಿಗೂ ಎಲಿ ಹಂಚಿದ್ಲು. ನಾ ನಕ್ಕೆ, ಆದ್ರ ನನ್ನ ಪಾಲಿನ ಎಲಿ ಬಾಜೂಕಿನಾಕಿಗೆ ಕೊಟ್ಟೆ.

ಒಂಬತ್ತನೇ ದಿನಾ ಮಧ್ಯಾಹ್ನ ಪೂರ್ಣಿಮಾನ ಫೋನ್ ಬಂತು. ಅಷ್ಟೊತ್ತಿನಾಗ ಮಾಡಾಕಿ ಅಲ್ಲ, ನಾ ಗಾಬರಿ ಆದೆ.

"ಅವ್ವಾ, ಊಟ ಆತೇನು?"

"ಆತು. ಯಾಕ, ಏನಾತು?"

"ಏನಿಲ್ಲ. ಎರಡು ದಿನಾತು, ನಂಗೂ ಹೊಟ್ಟಿ ಹಿಡದೈತಿ. ಹೊಕ್ಕಳ ಸುತ್ತ, ನೀ ಹೇಳತಿದ್ದಿಯಲ್ಲಾ, ಹಂಗ" ಅಂದ್ಲು. ಅಕಿ ದನ್ಯಾಗ ಅಂಜಿಕಿ ಇದ್ದಿಲ್ಲ, ನಗು ಇತ್ತು. "ಮುಂಜಾನಿ ಬರದ ಗಣಪ್ಪನ್ನ ನೋಡಿ ಅಜ್ಜಿ ಅತ್ತಳವಾ. ಥೇಟ್ ನಿಮ್ಮಜ್ಜನ ಕಣ್ಣು ಅಂದ್ಲು. ಈಗ ನಂಗೂ ಕಣ್ಣು ಬರಾಕತ್ತಾವ."

ಫೋನ್ ಕೆಳಗ ಬಿತ್ತು. ಸಲಾಯಿನ್ ಸೂಜಿ ಕೈಯಾಗಿದ್ದಂಗನ ಎದ್ದು ಡಾಕ್ಟರ್ ಕೋಣಿಗೆ ಓಡಿದೆ, ನರ್ಸ್ ಹಿಂದಿಂದ ಬೈಕೋತ ಬಂದ್ಲು. "ನನ್ನ ಮಗಳೂ ಬಾಯಾಗ ಇಡತಾಳ್ರಿ. ಅವತ್ತ ನಾ ಸುಳ್ಳ ಹೇಳಿದೆ" ಅಂದೆ. ಡಾಕ್ಟರ್ ಪೆನ್ನು ಕೆಳಗಿಟ್ರು. "ಈಗಿಂದೀಗ ಕುಂಚ ಬಿಡಸ್ರಿ. ನಾಳೆ ಮುಂಜಾನಿ ಇಲ್ಲಿ ಇರಬೇಕು" ಅಂದ್ರು. ಮನಿಯವರು ನನ್ನ ಮಾರಿ ಸೈತ ನೋಡಲಿಲ್ಲ, ಫೋನ್ ಎತ್ತಿಕೊಂಡು ಹೊರಗ ಹೋದ್ರು. ಅವರು ಮಗಳಿಗೆ ಏನು ಹೇಳಿದ್ರೋ, ಹೆಂಗ ಹೇಳಿದ್ರೋ, ನಾ ಇವತ್ತಿಗೂ ಕೇಳಿಲ್ಲ.

ಮರುದಿನಾ ಅಕಿ ಮೊದಲನೇ ಬಸ್ಸಿಗೆ ಬಂದ್ಲು. ಉಗುರಿನ ಸಂದ್ಯಾಗ ಕೆಂಪು ಹಂಗ ಇತ್ತು. ರಕ್ತ ಕೊಟ್ಟು, ಆರು ದಿನಾ ನನ್ನ ಕಾಟಿನ ಬಾಜೂಕ ಚಾಪಿ ಹಾಸಿ ಮಲಗಿದ್ಲು. ನನ್ನ ತಲಿ ಬಾಚತಿದ್ಲು, ಊಟ ಮಾಡಸತಿದ್ಲು, ಬೆರಳ ಎತ್ತಸತಿದ್ಲು. ಒಂದು ದಿನಾನೂ ಏನೂ ಕೇಳಲಿಲ್ಲ. ನಂಗ ಅಕಿ ಹೊಟ್ಟಿ ಹಿಡಕೊಂಡ್ಲೇನು, ಕೈ ಜೋತು ಬಿತ್ತೇನು ಅಂತ ನೋಡೂದ ಕೆಲಸ. ಅಕಿ ಕಪ್ಪು ಎತ್ತಿದ್ರ ನನ್ನ ಕಣ್ಣು ಅಕಿ ಮಣಿಕಟ್ಟಿನ ಮ್ಯಾಲ. ಶಿಗ್ಗಾಂವಿಯವರು ಆ ವಾರದಾಗ ತಾವಾಗೇ ಬ್ಯಾರೆ ಹೆಣ್ಣು ಗೊತ್ತು ಮಾಡಿಕೊಂಡ್ರು. ಅವರಿಗೆ ಯಾವ ಸುದ್ದಿನೂ ಗೊತ್ತಿದ್ದಿಲ್ಲ.

ವರದಿ ಬಂದ ದಿನಾ ಮೂರೂ ಮಂದಿ ಡಾಕ್ಟರ್ ಮುಂದ ಕುಂತ್ವಿ. ಪೂರ್ಣಿಮಾನ ರಕ್ತದಾಗೂ ಸೀಸ ಇತ್ತು. ನನ್ನಷ್ಟು ಅಲ್ಲ, ಅರ್ಧಕ್ಕ ಹತ್ತಿರ. ಡಾಕ್ಟರ್ ಸಮಾಧಾನದಿಂದ ಹೇಳಿದ್ರು, ಆ ಬಣ್ಣ ದೂರ ಇಟ್ರ ತಾನಾಗೇ ಇಳಿತೈತಿ, ತಿಂಗಳಿಗೊಮ್ಮೆ ತಪಾಸಣಿ ಮಾಡಸ್ರಿ, ಕೈಗೆ ಏನೂ ಆಗಿಲ್ಲ ಅಂತ. ನನ್ನ ಮೈ ಎಲ್ಲಾ ಹಗುರ ಆತು. ಆಮ್ಯಾಲ ಅವರು ಹಾಳಿ ಮಡಚಿಕೋತ, ಸಿಟ್ಟಿಲ್ಲದಂಗ ಅಂದ್ರು, "ಅಮ್ಮಾರ, ಅಡ್ಮಿಟ್ ಮಾಡೋ ದಿನಾ ಕೇಳಿದಾಗ ಹೇಳಿದ್ರ ಇನ್ನೂ ಚೊಲೋ ಇತ್ತು."

ಪೂರ್ಣಿಮಾ ನನ್ನ ಕಡೆ ತಿರುಗಿದ್ಲು. ಹೊರಗ ಬಂದು ಗ್ವಾಡಿಗೆ ಹತ್ತಿದ ಬಾಕಿನ ಮ್ಯಾಲ ಕುಂತ್ವಿ. ಮನಿಯವರು ಗುಳಿಗಿ ತರಾಕ ಹೋದ್ರು.

"ಅವ್ವಾ, ನಿಂಗ ಗೊತ್ತಾಗಿದ್ದು ಯಾವತ್ತು?"

"ಅಡ್ಮಿಟ್ ಆದ ದಿನಾ" ಅಂದೆ.

"ಅಂದ್ರ ನಾ ಫೋನ್ ಮಾಡೂದಕ ಒಂಬತ್ತು ದಿನಾ ಮೊದಲ."

"ಹೂಂ."

ಅಕಿ ಉಗುರಿನ ಸಂದ್ಯಾಗ ಇನ್ನೂ ಉಳದಿದ್ದ ಕೆಂಪು ಕೆರಕೊಂಡ್ಲು. ಬೈದಿದ್ರ ತಡಕೋತಿದ್ದೆ, ಅತ್ತಿದ್ರ ಎದಿಗೆ ಹಚ್ಚಿಕೋತಿದ್ದೆ. ಎರಡೂ ಮಾಡಲಿಲ್ಲ. ಭಾಳ ಸಣ್ಣ ದನಿಲೆ, ನಂಗ ತಿಳೀಲಿ ಅಂತ ಅಷ್ಟ, ಹೇಳಿದ್ಲು.

"ಆ ಒಂಬತ್ತು ದಿನದಾಗ ನಾ ಐವತ್ತೆರಡು ಗಣಪ್ಪಗ ಕಣ್ಣು ಬರದೇನಿ. ದಿನಾ ಸಂಜಿಕ ನೀ ಫೋನ್ಯಾಗ ಕೇಳತಿದ್ದಿ, ಇವತ್ತ ಎಷ್ಟು ಆದುವು ಅಂತ."

ಹೌದು, ಕೇಳತಿದ್ದೆ. ಚೊಲೋ ಬಂದಾವೇನು ಅಂತನೂ ಕೇಳತಿದ್ದೆ.